ಹೊಟ್ಟೆ ತುಂಬಿದ ಕೌದಿ

"ಔಷಧ ಹೊಡೀಬ್ಯಾಡ್ರಿ ಮಾಸ್ತರ. ಆ ಡಬ್ಬಿ ಮೊದ್ಲ ಕೆಳಗಿಡ್ರಿ."

ಎಎಸ್‌ಐ ವಿದ್ಯಾವತಿ ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತೇ ಕೈ ಎತ್ತಿದಳು. ಕೂತದ್ದೇನೋ ಆಯಿತು, ಇನ್ನು ಏಳುವುದು ಹೇಗೆಂಬ ಚಿಂತೆ ಆಗಲೇ ಮೊಣಕಾಲಿನಲ್ಲಿ ಶುರುವಾಗಿತ್ತು.

ಸಣ್ಣ ಕರಿ ಇರುವೆಗಳ ಸಾಲೊಂದು ಗೋಡೆಯ ಬಿರುಕಿನಿಂದ ಹೊರಟು, ಮೇಜಿನ ಕಾಲು ಹತ್ತಿ, ಗಾಜಿನ ಸಂದಿಯಲ್ಲಿ ನುಸುಳಿ, ಒಳಗೆ ಹರಡಿಟ್ಟ ಕೌದಿಯ ಒಂದು ಮೂಲೆಗೆ ಹೋಗುತ್ತಿತ್ತು. ಉಳಿದ ಮೂರು ಮೂಲೆಗಳ ಕಡೆ ಒಂದು ಇರುವೆಯೂ ತಲೆ ಹಾಕಿರಲಿಲ್ಲ.

ಆಳಂದದ ಸಂಗ್ರಹಾಲಯದಲ್ಲಿರುವ ಆ ಕೌದಿ ನಕಲಿ ಎಂಬುದು ಊರಿಗೆಲ್ಲ ಗೊತ್ತಾಗಿ ಒಂದು ವಾರವಾಗಿತ್ತು. ಹೈದರಾಬಾದಿನಿಂದ ಬಂದ ಸಂಶೋಧಕಿಯೊಬ್ಬಳು ತಾನು ಹಿಂದೆ ತೆಗೆದಿದ್ದ ಕೌದಿಯ ಫೋಟೋ ಪಕ್ಕದಲ್ಲಿ ಹಿಡಿದು, ಇದು ಅದಲ್ಲ ಎಂದು ಹೇಳಿ ಹೋಗಿದ್ದಳು. ಬದಲಿಸಿದವರು ಯಾರೆಂಬುದಕ್ಕೆ ಒಂದು ಚೂರು ಪುರಾವೆ ಇರಲಿಲ್ಲ. ಆದರೂ ಊರಿನವರು ಒಬ್ಬಳ ಹೆಸರು ಹೇಳಿ ಮುಗಿಸಿಬಿಟ್ಟಿದ್ದರು.

ಆ ಒಬ್ಬಳು ಬಾಗಿಲ ಬಳಿ ನಿಂತಿದ್ದಳು. ಜೀನತ. ಈ ಸಂಗ್ರಹಾಲಯ ತೊಗರಿ ಗೋದಾಮಾಗಿದ್ದಾಗಿನಿಂದ ಇಲ್ಲಿ ಕಸ ಹೊಡೆದು, ಆಮೇಲೆ ಇಲ್ಲೇ ಓದು ಮುಂದುವರಿಸಿ, ಈಗ ಇಲ್ಲಿನ ಪ್ರತಿ ವಸ್ತುವಿಗೂ ಚೀಟಿ ಅಂಟಿಸುವವಳು. ಅವಳ ದುಪಟ್ಟಾದ ತುದಿಗೆ ಕೀಲಿಕೈಗಳ ಗೊಂಚಲು ಗಂಟು ಹಾಕಿತ್ತು. ಪೊಲೀಸರು ಕೇಳುವ ಮೊದಲೇ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

ಜಗದೇವಪ್ಪ ಮಾಸ್ತರರು ಔಷಧದ ಡಬ್ಬಿಯನ್ನು ಕೆಳಗಿಟ್ಟರು. ಶಾಲೆಯಿಂದ ನಿವೃತ್ತರಾದ ಮೇಲೆ ಮನೆ ಮನೆ ತಿರುಗಿ ಬೀಸುಕಲ್ಲು, ಹಿತ್ತಾಳೆ ಸೇರು, ಮದುವೆ ಫೋಟೋ, ಮುದುಕಿಯರ ಹಾಡು ತುಂಬಿದ ಕ್ಯಾಸೆಟ್ಟು, ಹಳೆಯ ಕಾಗದಪತ್ರ ಎಲ್ಲವನ್ನೂ ಬೇಡಿ ತಂದು ಈ ಗೋದಾಮನ್ನು ತುಂಬಿಸಿದವರು ಅವರು. ದೂರಿಗೆ ಸಹಿ ಹಾಕಿದವರೂ ಅವರೇ.

"ಮೇಡಂ, ಚಹಾ ತರಸ್ಲೇನ್ರಿ?"

"ಈಗ ಕುಡದೆವಲ್ರಿ ಮಾಸ್ತರ."

"ಹೌದ್ರಿ, ಹೌದ್ರಿ," ಎಂದು ಅವರು ನಕ್ಕರು. ಚೊಕ್ಕ ಬಿಳಿ ಧೋತರ, ಹಣೆಗೆ ವಿಭೂತಿ, ಎದುರಿಗೆ ಕೂತವರನ್ನು ಮೂರನೇ ತರಗತಿಯ ಹುಡುಗರೆಂದು ತಿಳಿಯುವ ಕಣ್ಣು. "ಈ ಕೌದಿ ಕಥಿ ನಿಮಗ ಹೇಳೇನೇನು?"

ಹೇಳಿದ್ದರು. ನಿನ್ನೆ ಹೇಳಿದ್ದರು, ಮೊನ್ನೆಯೂ ಹೇಳಿದ್ದರು. ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿಗೆ ಊರಲ್ಲಿ ಗಲಭೆಯೆದ್ದಾಗ ಒಂದು ಓಣಿಯ ಹೆಂಗಸರೆಲ್ಲ ಜಾತಿ ನೋಡದೆ ಒಂದೇ ಮನೆಯಲ್ಲಿ ಅಡಗಿ ಕೂತರಂತೆ. ಹೊರಗೆ ಹೋಗುವಂತಿಲ್ಲ, ಒಳಗೆ ಸುಮ್ಮನೆ ಕೂತರೆ ಜೀವ ನಿಲ್ಲುವುದಿಲ್ಲ. ಆಗ ಒಬ್ಬೊಬ್ಬರೂ ತಮ್ಮ ಸೆರಗಿನ ತುಂಡು ಹರಿದು ಕೊಟ್ಟು ಈ ಕೌದಿ ಹೊಲಿದರಂತೆ. ಯಾವ ತುಂಡು ಯಾರದೆಂದು ಮಾಸ್ತರರಿಗೆ ಬಾಯಿಪಾಠ. ಆ ಮನೆ ಜೀನತಳ ಅಜ್ಜಿಯದು.

ಊರಿನ ಲೆಕ್ಕ ಅಲ್ಲಿಗೇ ಕೂಡಿಬಂದಿತ್ತು. ಕೌದಿ ಅಜ್ಜಿಯದು, ಕೀಲಿಕೈ ಮೊಮ್ಮಗಳದು, ಇನ್ನು ತನಿಖೆ ಏನು ಮಾಡುವುದಿದೆ? ಠಾಣೆಯ ಸಾಹೇಬರೂ ಬೆಳಿಗ್ಗೆ ಅದನ್ನೇ ಹೇಳಿದ್ದರು. ಸಂಜೆಯೊಳಗೆ ಬೇರೆ ಹೆಸರು ತಂದರೆ ಸರಿ, ಇಲ್ಲವಾದರೆ ಜೀನತಳನ್ನು ಕರೆತನ್ನಿ. ಪೇಪರಿನವರು ತಲೆ ತಿನ್ನುತ್ತಿದ್ದಾರೆ.

ವಿದ್ಯಾವತಿಗೆ ಸಾಕಾಗಿಹೋಗಿತ್ತು. ಜೇವರ್ಗಿಗೆ ಎರಡು ಸಲ ಹೋಗಿ ಬಂದಾಗಿತ್ತು. ಅಲ್ಲಿ ಹೆದ್ದಾರಿ ಪಕ್ಕ ಹಳೆಯ ಬಾಗಿಲು, ತೊಟ್ಟಿಲು ಮಾರುವ ಅಮರನಾಥ ಎಂಬವನು ಈ ಕೌದಿಗಾಗಿ ಒಮ್ಮೆ ಮಾಸ್ತರರನ್ನು ಪೀಡಿಸಿದ್ದ. ಅವನ ಅಂಗಡಿ, ಮನೆ, ಮಾವನ ಮನೆ ಎಲ್ಲ ಜಾಲಾಡಿದರೂ ಸಿಕ್ಕಿದ್ದು ಬರೀ ಧೂಳು, ಅದರ ಹಿಂದೆಯೇ ಬಂದ ಶೀತ.

"ಪೆಟ್ಟಿಗಿ ಕೀಲಿಕೈ ಎಷ್ಟದಾವ್ರಿ ಮಾಸ್ತರ?"

"ಎರಡ ರೀ," ಎಂದಳು ಜೀನತ. "ಒಂದು ನನ್ನ ಬಲ್ಲಿ, ಒಂದು ಸರ್ ಬಲ್ಲಿ. ಸರ್ ತಮ್ಮದು ಎಂದೂ ಹೊರಗ ತಗಿಯಂಗಿಲ್ರಿ."

"ನಾ ಮಾಸ್ತರಿಗಿ ಕೇಳೀನಿ."

ಮಾಸ್ತರರು ಜೀನತಳ ಕಡೆ ನೋಡಿದರು. "ಹೌದು, ಎರಡು," ಎಂದರು.

"ಈ ಪೆಟ್ಟಿಗಿ ಕಡೀಕ ಯಾವಾಗ ತಗದಿದ್ರಿ?"

"ದಸರಾ ಮುಂದ ಧೂಳಾ ಜಾಡಸಾಕ ನಾನ ತಗದೇನ್ರಿ ಮೇಡಂ," ಎಂದು ಮತ್ತೆ ಜೀನತ. "ನಾ ಒಬ್ಬಾಕೀನ ಇದ್ದೆ. ಸರ್ ಅವತ್ತು ಊರಾಗ ಇರಲಿಲ್ಲ."

ಕೇಳುವುದು ಒಬ್ಬರಿಗೆ, ಉತ್ತರ ಬರುವುದು ಇನ್ನೊಬ್ಬರಿಂದ. ಹೀಗೆ ಮುಂದೆ ಬಿದ್ದು ಮಾತಾಡುವವರು ಏನನ್ನೋ ಬಚ್ಚಿಡುತ್ತಿರುತ್ತಾರೆಂದು ವಿದ್ಯಾವತಿಗೆ ನೌಕರಿ ಕಲಿಸಿತ್ತು. ಈ ಹುಡುಗಿ ತಪ್ಪಿತಸ್ಥೆಯಾಗದಿರಲಿ ಎಂದು ಅವಳ ಮನಸ್ಸು ಬಯಸುತ್ತಿತ್ತು. ಹುಡುಗಿಯೋ ತಾನಾಗಿಯೇ ಕುತ್ತಿಗೆ ಚಾಚುತ್ತಿದ್ದಳು. ಅದನ್ನು ನೋಡಿದಷ್ಟೂ ವಿದ್ಯಾವತಿಗೆ ಸಿಟ್ಟು ಬರುತ್ತಿತ್ತು.

"ಕೀಲಿ ತಗಿ," ಎಂದಳು.

ಪೆಟ್ಟಿಗೆ ತೆರೆದಾಗ ವಿದ್ಯಾವತಿ ಇರುವೆ ಮುತ್ತಿದ ಮೂಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಒಳಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಅವಳ ಮುಖದಲ್ಲಿ ವಾರದಲ್ಲಿ ಮೊದಲ ಬಾರಿ ಒಂದು ನಗು ಬಂದು ಹೋಯಿತು.

"ಗುರಣ್ಣ, ಬ್ಲೇಡ್ ಕೊಡು."

ಜೀಪಿನ ಚಾಲಕ ಗುರಣ್ಣ ಅಂಗಿಯ ಜೇಬಿನಿಂದ ಬ್ಲೇಡು ತೆಗೆದುಕೊಟ್ಟ. ಅವನ ಜೇಬಲ್ಲಿ ಇಲ್ಲದ ವಸ್ತು ಇರಲಿಲ್ಲ. "ಮೇಡಂ, ಪಂಚನಾಮೆ?"

"ಬರಕೋತ ಕುಂದ್ರು. ಮಾಸ್ತರ ಮುಂದ, ಜೀನತ ಮುಂದ ಬಿಚ್ಚಿದ್ದು ಅಂತ ಬರಿ."

ಹೊಲಿಗೆ ಒಂದೊಂದೇ ಕತ್ತರಿಸಿದಾಗ ಮೂಲೆ ಬಾಯಿ ಬಿಟ್ಟಿತು. ಅಂಗೈಗೆ ಬಿದ್ದದ್ದು ಒಣಗಿದ ಜೋಳದ ರೊಟ್ಟಿಯ ಚೂರು, ಜೊತೆಗೆ ಇರುವೆ ತಿಂದು ಉಳಿದ ಬೆಲ್ಲದ ಹೆಂಟೆ.

ಗುರಣ್ಣ ಬಾಯಿ ತೆರೆದ. "ಕೌದ್ಯಾಗ ಬುತ್ತಿ ಯಾರ್ ಕಟ್ಟಿಟ್ರು?"

"ನಿಮ್ಮವ್ವ ಕೌದಿ ಹೊಲ್ದಿಲ್ಲೇನೋ? ಹೊಟ್ಟಿ ತುಂಬಸೂದು ಇದು."

ವಿದ್ಯಾವತಿಯ ತಾಯಿಯೂ ಹೀಗೆಯೇ ಮಾಡುತ್ತಿದ್ದಳು. ನಾಲ್ಕನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ, ಒಂದು ಹೆಂಟೆ ಬೆಲ್ಲ ಇಟ್ಟು ಹೊಲಿಯಬೇಕು. ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದೆಂದು ಅವಳ ನಂಬಿಕೆ. ಎಲ್ಲರೂ ಮಾಡುವುದಿಲ್ಲ, ಮಾಡುವವರು ಮರೆಯುವುದಿಲ್ಲ.

ಅಂದರೆ ಈ ನಕಲನ್ನು ಯಾವುದೋ ಯಂತ್ರದ ಅಂಗಡಿಯಲ್ಲಿ ಹೊಲಿಸಿರಲಿಲ್ಲ. ಮೈ ತುಂಬ ವಾಡಿಕೆ ತುಂಬಿಕೊಂಡ ಹಳೆಯ ಕೈಯೊಂದು ಇದನ್ನು ಹೊಲಿದಿತ್ತು. ಬೆಲ್ಲ ಇನ್ನೂ ಇರುವೆಯನ್ನು ಕರೆಯುತ್ತಿತ್ತು ಎಂದರೆ ಹೊಲಿದು ಬಹಳ ತಿಂಗಳಾಗಿರಲಿಲ್ಲ.

ಅವಳು ಬಾಯಿ ಬಿಟ್ಟ ಮೂಲೆಯೊಳಗೆ ಬೆರಳು ಹಾಕಿ ಒಳಪದರವನ್ನು ಹೊರಗೆಳೆದಳು. ಮೇಲಿನ ತುಂಡುಗಳೇನೋ ಹಳೆಯ ಇಳಕಲ್ ಸೀರೆ, ಹಳೆಯ ಛೀಟಿನ ಬಟ್ಟೆ. ಮಾಡಿಸಿದವರು ಹುಡುಕಿ ಹುಡುಕಿ ಜೋಡಿಸಿದ್ದರು. ಒಳಗಿನದನ್ನು ಯಾರು ನೋಡುತ್ತಾರೆಂದು ಹೊಲಿದವಳು ಮನೆಯಲ್ಲಿದ್ದ ಹರಕು ಬಟ್ಟೆ ತುಂಬಿದ್ದಳು. ನೀಲಿ ಬಣ್ಣದ ದಪ್ಪ ಬಟ್ಟೆ, ಜೇಬಿನ ಅಂಚಿಗೆ ಹಳದಿ ಪಟ್ಟಿ.

ಆ ಹಳದಿ ಪಟ್ಟಿಯನ್ನು ವಿದ್ಯಾವತಿ ಬಿಸಿಲಲ್ಲಿ ನಿಂತು ದಿನಗಟ್ಟಲೆ ನೋಡಿದ್ದಳು. ಕಬ್ಬಿನ ಬೆಲೆಗಾಗಿ ರೈತರು ಧರಣಿ ಕೂತಾಗ ಅವಳನ್ನು ಬಂದೋಬಸ್ತಿಗೆ ಹಾಕಿದ್ದರು. ಎದುರಿಗೆ ಪಾಳಿ ಮುಗಿಸಿ ಬರುವ ಕೆಲಸಗಾರರೆಲ್ಲ ಇದೇ ಅಂಗಿ ತೊಟ್ಟಿದ್ದರು.

"ಹವಳಗಾ," ಎಂದಳು. "ಸಕ್ಕರಿ ಕಾರ್ಖಾನಿ ಮಂದಿ ಅಂಗಿ ಇದು."

"ಹವಳಗಾದಾಗ ನಾ ಭಾಳ ವರ್ಷ ಮಾಸ್ತರಕಿ ಮಾಡೇನ್ರಿ!" ಮಾಸ್ತರರ ಮುಖ ಅರಳಿತು. "ಆಗ ಕಾರ್ಖಾನಿ ಎಲ್ಲಿತ್ತು? ಬರೀ ಜೋಳದ ಹೊಲ. ಶಾಲಿ ಮುಂದ ಒಂದು ಬೇವಿನ ಗಿಡ, ಅದರ ಟೊಂಗಿಗಿ ಗಂಟಿ. ಎಂಥಾ ಮಂದಿ ರೀ ಅವ್ರು! ಮೇಡಂ, ಚಹಾ ತರಸ್ಲೇನು?"

ಜೀನತ ಹೊರಗೆ ನಿಂತ ಜೀಪಿನ ಕಡೆ ನೋಡಿದಳು.

"ಇವತ್ತ ಹೋಗ್ತೀರೇನ್ರಿ ಮೇಡಂ?" ಎಂದು ಕೇಳಿದಳು.

"ಮತ್ತ ಯಾವಾಗ ಹೋಗ್ಲಿ? ಸಂಜಿಗಿ ನಿನ್ನ ಒಳಗ ಹಾಕ್ತಾರ, ನಿನಗ ಅದರ ಫಿಕರ ಇದ್ದಂಗಿಲ್ಲ."

"ನೀವು ದಣದೀರಿ. ನಾಳಿ ಹೋಗ್ರಿ."

ತನ್ನನ್ನು ಉಳಿಸಲು ಹೊರಟವಳನ್ನು ತಡೆಯುವ ಈ ಹೆಣ್ಣಿನ ತಲೆಯಲ್ಲಿ ಏನಿದೆಯೋ ವಿದ್ಯಾವತಿಗೆ ತಿಳಿಯಲಿಲ್ಲ. ಗುರಣ್ಣನ ಹೆಗಲು ಹಿಡಿದು ಎದ್ದು ಜೀಪು ಹತ್ತಿದಳು.

ದಾರಿಯುದ್ದಕ್ಕೂ ರೈತರು ತೊಗರಿ ಗಿಡಗಳನ್ನು ರಸ್ತೆಯ ಮೇಲೆ ಹಾಸಿದ್ದರು. ಹೋಗಿ ಬರುವ ಗಾಡಿಗಳೇ ಕಾಳು ಒಕ್ಕಿ ಕೊಡಬೇಕು. ಗುರಣ್ಣ ಪ್ರತಿ ಹಾಸಿನ ಮೇಲೂ ಜೀಪು ಹತ್ತಿಸಿ, "ಪೊಲೀಸ್ ಇಲಾಖೆಯಿಂದ ಉಚಿತ ಸೇವಾ," ಎನ್ನುತ್ತಿದ್ದ. ಮೊದಲೆರಡು ಸಲ ಅವಳು ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು.

"ಮೇಡಂ, ಒಂದು ಮಾತ್ರಿ. ಆ ಮಹೇಶಕುಮಾರನ್ನ ಯಾಕ ಬಿಟ್ರಿ? ಗೋದಾಮು ಅವರಪ್ಪಂದು. ಸಂಗ್ರಹಾಲಯ ಬಂದಾದ್ರ ಅದು ಅವನ ಕೈಗಿ ವಾಪಸ್ ಬರ್ತದ."

"ಬಿಟ್ಟಿಲ್ಲ. ಅವನ ಫೋಟೋನೂ ನನ್ನ ಫೋನಿನಾಗ ಅದ."

ಅವಳ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆಯೇ. ಆ ನಕಲನ್ನು ಮಾಡಿಸಿದವರು ಒಂದೊಂದು ತುಂಡಿಗೂ ಅದೇ ಬಣ್ಣ, ಅದೇ ಅಂಚು, ಅದೇ ಸವಕಲು ಹುಡುಕಿದ್ದರು. ಕದ್ದು ಮಾರುವವನು ಇಷ್ಟು ಕಷ್ಟ ಪಡುವುದಿಲ್ಲ. ಸಂತೆಯ ಒಂದು ಹಳೆ ಕೌದಿ ಹಾಸಿ ಹೋಗುತ್ತಾನೆ. ಕಳ್ಳನಿಗೆ ಕೌದಿಯ ಮೇಲೆ ಇಷ್ಟು ಪ್ರೀತಿ ಯಾಕೆ? ಪ್ರೀತಿ ಎಂದು ಯೋಚಿಸಿದ ಕೂಡಲೇ ಮತ್ತೆ ಜೀನತಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಅವಳಿಗೆ ಬೇಡವಾದ ಮುಖ ಅದು.

ಅಫಜಲಪುರದ ಬಸ್ ನಿಲ್ದಾಣದ ಎದುರು ಒಂದು ಚಹಾ ಕುಡಿದು, ನೋವಿನ ಗುಳಿಗೆ ನುಂಗಿ ಮುಂದೆ ಹೋದರು. ಕಾರ್ಖಾನೆ ಹತ್ತಿರ ಬಂದಂತೆ ಗಾಳಿಗೆ ಕಾಕಂಬಿಯ ಹುಳಿ ವಾಸನೆ ಹತ್ತಿಕೊಂಡಿತು. ಕಬ್ಬಿನ ಟ್ರಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲುಗಟ್ಟಿ ನಿಂತಿದ್ದವು.

ಹುಡುಕುವುದು ಕಷ್ಟವಾಗಲಿಲ್ಲ. ನೀರಿನ ಟಾಕಿಯ ಬಳಿ ಕೊಡ ತುಂಬುತ್ತಿದ್ದ ಹೆಂಗಸರಿಗೆ ವಿದ್ಯಾವತಿ ಫೋನಿನಲ್ಲಿ ಕೌದಿಯ ಚಿತ್ರ ತೋರಿಸಿದಳು. ಒಬ್ಬಳು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಈ ಹೊಲಿಗಿ ದ್ರೌಪದಿ ಅತ್ತೀದ ರೀ. ಇಷ್ಟು ಒತ್ತಿ ಒತ್ತಿ ಮತ್ತ್ಯಾರೂ ಹೊಲಿಯಂಗಿಲ್ಲ," ಎಂದಳು.

ದ್ರೌಪದಿ ಅಂಗಳದ ಬಿಸಿಲಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಬೆಳ್ಳಗಾದ ತಲೆ, ಬರಿ ಹಣೆ, ದಪ್ಪ ಕನ್ನಡಕ. ಗೋಡೆಗೆ ಹಾಕಿದ ಗಳದ ಮೇಲೆ ಮಗನ ನೀಲಿ ಅಂಗಿ ಒಣಗುತ್ತಿತ್ತು, ಜೇಬಿಗೆ ಹಳದಿ ಪಟ್ಟಿ. ಖಾಕಿ ಸೀರೆ ನೋಡಿದರೂ ಅವಳು ಏಳಲಿಲ್ಲ.

"ಬರ್ರಿ. ಕುಂದರ್ರಿ. ಸೂಜಿ ಅದ, ನೋಡಿ ಕುಂದರ್ರಿ."

ವಿದ್ಯಾವತಿ ಫೋನು ಮುಂದೆ ಹಿಡಿದಳು. "ಇದು ನೀ ಹೊಲ್ದದ್ದೇನವ್ವ?"

ಮುದುಕಿ ಕನ್ನಡಕ ಸರಿಸಿ ನೋಡಿದಳು. ಮುಖದಲ್ಲಿ ಹೆಮ್ಮೆ ಉಕ್ಕಿತು. "ಮತ್ತ್ಯಾರು ಹೊಲೀತಾರ? ಗಾಜಿನ ಪೆಟ್ಟಿಗ್ಯಾಗ ಇಟ್ಟಾರಲ್ಲ ಯವ್ವಾ! ಹೇಳಿದ್ರು, ಖರೇನ ಇಟ್ಟಾರ!" ಬೆರಳು ಮುಂದಿನ ಚಿತ್ರಕ್ಕೆ ಜಾರಿತು. ಕತ್ತರಿಸಿದ ಮೂಲೆ ಕಂಡಿತು. ಹೆಮ್ಮೆ ಹೋಯಿತು. "ಯಾವ ಸೂಳೀಮಗ ಕೊಯ್ದಾನ ಇದನ್ನ?"

"ನಾನ."

"ಯಾಕ? ನಿಮಗ ಕೈ ಸುಮ್ನ ಇರಂಗಿಲ್ಲೇನು? ಹೊಟ್ಟಿ ಹರದು ಬೆಲ್ಲ ತಗೀತಾರೇನ್ರಿ ಯಾರಾದ್ರೂ?"

"ಅದು ಕಳುವಿನ ಕೇಸ್ ಆಗ್ಯಾದ. ನೀ ಹೊಲ್ದ ಕೌದಿ ಇಟ್ಟು, ಹಳೀದು ಹೊಡಕೊಂಡು ಹೋಗ್ಯಾರ. ಯಾರು ಹೊಲಿಸಿದ್ರು ಹೇಳು, ಇಲ್ಲಂದ್ರ ನಿನಗೂ ಠಾಣೆಕ್ಕ ಒಯ್ತೇನಿ."

ದಣಿವು ಅವಳ ನಾಲಿಗೆಯಲ್ಲಿ ಮಾತಾಡುತ್ತಿತ್ತು. ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ಮುದುಕಿಗೆ ಮಾತ್ರ ಏನೂ ಅನಿಸಲಿಲ್ಲ.

"ಒಯ್ರಿ. ಅಲ್ಲಿ ಥಂಡಿ ಭಾಳದೇನು? ಒಂದು ಕೌದಿ ತರ್ತೇನಿ."

ಜೀಪಿಗೆ ಒರಗಿ ನಿಂತಿದ್ದ ಗುರಣ್ಣ ಆಕಡೆ ತಿರುಗಿ ನಕ್ಕ. ವಿದ್ಯಾವತಿ ಕಟ್ಟೆಯ ಮೇಲೆ ಕೂತಳು. ಸ್ವರ ಇಳಿಸಿದಳು.

"ಅವ್ವಾ, ನಿನ್ನ ಮ್ಯಾಲ ನಂದೇನೂ ಇಲ್ಲ. ಅಲ್ಲಿ ಒಬ್ಬಾಕಿ ಹೆಣ್ಮಗಳು ಇವತ್ತು ಸಂಜಿಗಿ ಜೈಲಿಗಿ ಹೋಗಾಕತ್ತಾಳ. ಮಾಡಿದ್ದಾಳೋ ಇಲ್ಲೋ ನನಗ ಗೊತ್ತಿಲ್ಲ. ನಿನ್ನ ಒಂದು ಮಾತಿನ ಮ್ಯಾಲ ಆಕಿ ಜೀವನ ನಿಂತದ."

ದ್ರೌಪದಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅವ್ರು ಮೊದಲ ಹೇಳಿದ್ರು. ರೊಟ್ಟಿ ಬೆಲ್ಲ ಇಡಬ್ಯಾಡ, ಇದು ಹೊದಿಯೂದಲ್ಲ, ನೋಡೂದು, ಇರಿವಿ ಬರ್ತಾವ ಅಂತ. ನಾ ಹೂಂ ಅಂದೆ. ಕಡೀ ಮೂಲಿ ಮುಚ್ಚೂ ಮುಂದ ಕೈ ಕೇಳಲಿಲ್ರಿ. ಉಪವಾಸ ಕೌದಿ ಎಂದೂ ಕೊಟ್ಟಿಲ್ಲ ನಾ. ಒಂದ್ ಹೆಂಟಿ ಇಟ್ಟರ ಯಾರಿಗಿ ಗೊತ್ತಾಗ್ತದ ಅಂದೆ. ನೋಡ್ರಿ, ಇರಿವಿ ಚಾಡಿ ಹೇಳ್ಯಾವ."

"ಯಾರು ಹೇಳಿದ್ರು?"

"ಒಳ್ಳೆ ಮನುಷ್ಯಾ ರೀ. ಅವ್ರ ಹೆಸರ ಕೆಡಸಾಕ ನನ್ನ ಬಾಯಿ ಬರಂಗಿಲ್ಲ."

ವಿದ್ಯಾವತಿ ಒಂದೊಂದಾಗಿ ಫೋಟೋ ತೋರಿಸಿದಳು. ಜೇವರ್ಗಿಯ ಅಮರನಾಥ. ಮುದುಕಿ ತಲೆಯಲ್ಲಾಡಿಸಿದಳು. ಗೋದಾಮಿನ ಮಹೇಶಕುಮಾರ. "ಇವನ ಮಾರಿ ನೋಡ್ರಿ, ಇವ ಕೌದಿ ಹೊಲಸ್ತಾನೇನು?" ಮೂರನೆಯದನ್ನು ತೋರಿಸುವ ಮೊದಲು ವಿದ್ಯಾವತಿಯ ಹೆಬ್ಬೆರಳು ಒಂದು ಕ್ಷಣ ನಿಂತಿತು. ಜೀನತ.

"ಈಕಿ ಯಾರ್ರಿ? ಈಕಿಗಿ ನಾ ನೋಡೇ ಇಲ್ಲ."

ವಿದ್ಯಾವತಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಾಹೇಬರಿಗೆ ಹೇಗೆ ಹೇಳುವುದು, ಪೇಪರಿನವರಿಗೆ ಏನು ಹೇಳುವುದು ಎಂದೆಲ್ಲ ಯೋಚಿಸತೊಡಗಿದಳು. ಫೋನು ಕೈಯಲ್ಲೇ ಇತ್ತು, ಮುದುಕಿ ತಾನೇ ಬೆರಳಿಂದ ಮುಂದಿನ ಚಿತ್ರ ಸರಿಸಿದಳು. ಸಂಗ್ರಹಾಲಯದ ವಾರ್ಷಿಕೋತ್ಸವದ ಗುಂಪು ಫೋಟೋ ಅದು. ನಡುವೆ ಹಾರ ಹಾಕಿಕೊಂಡು ನಿಂತವರ ಮುಖದ ಮೇಲೆ ದ್ರೌಪದಿಯ ಬೆರಳು ನಿಂತಿತು.

"ಇಲ್ಲೇ ಅದಾರಲ್ಲ! ನೀವು ಸುಮ್ನ ಯಾರ್ಯಾರದೋ ತೋರಸಾಕತ್ತೀರಿ."

ಹಾರ ಜಗದೇವಪ್ಪ ಮಾಸ್ತರರ ಕೊರಳಲ್ಲಿತ್ತು.

ವಿದ್ಯಾವತಿ ಫೋಟೋವನ್ನು ಕಣ್ಣ ಹತ್ತಿರ ತಂದು ನೋಡಿದಳು. ದೂರು ಕೊಟ್ಟವರು, ಎರಡನೆಯ ಕೀಲಿಕೈ ಇದ್ದವರು, ಆ ಕೀಲಿಕೈ ತೋರಿಸಿರೆಂದು ಯಾರೂ ಕೇಳಿಯೇ ಇರಲಿಲ್ಲ. ಅವಳೂ ಕೇಳಿರಲಿಲ್ಲ.

"ಮಾಸ್ತರೇನು? ಬರೋಬ್ಬರಿ ನೋಡು."

"ನನ್ನ ಗಂಡ ಶಿವರಾಯ ಇವ್ರ ಶಾಲ್ಯಾಗ ಗಂಟಿ ಬಾರಸ್ತಿದ್ದ. ನಾ ಇವ್ರಿಗಿ ಗುರ್ತಾ ಹಿಡಿಯಂಗಿಲ್ಲೇನು? ಹಳೀ ಕೌದಿ ಒಂದ್ ಸಲ ತಂದಿದ್ರು. ಮಗೂನ ಹಿಡದಂಗ ಎರಡೂ ಕೈಲೆ ಹಿಡಕೊಂಡು ಬಂದ್ರು. ಮುಟ್ಟಿದ್ರ ಹರೀತಿತ್ತು ಅದು. ಬೆಳಕಿಗಿ ಇಟ್ರ ಇನ್ನ ಉಳಿಯಂಗಿಲ್ಲ ದ್ರೌಪದಿ, ಇದನ್ನ ಕತ್ತಲ್ಯಾಗ ಬೆಚ್ಚಗ ಇಡ್ತೇನಿ, ಮಂದಿಗಿ ನಿಂದು ತೋರಸ್ತೇನಿ ಅಂದ್ರು. ಇದರಾಗ ಕಳುವು ಎಲ್ಲಿ ಬಂತು?"

"ಎಲ್ಲಿಡ್ತೇನಿ ಅಂದ್ರು?"

"ಅದು ನಾ ಕೇಳ್ಲಿಲ್ಲ."

ಸುಳ್ಳು ದೂರು. ತಾನೇ ಬಚ್ಚಿಟ್ಟು, ತಾನು ಬೆಳೆಸಿದ ಹುಡುಗಿಯ ತಲೆಗೆ ಬರುವಂತೆ ಕೊಟ್ಟ ದೂರು. ವಿದ್ಯಾವತಿಗೆ ಮೈ ಉರಿಯಿತು. ಆ ವಿಭೂತಿ, ಆ ನಗು, ಮತ್ತೆ ಮತ್ತೆ ಕೇಳುವ ಆ ಚಹಾ. ಎಷ್ಟೋ ಬಗೆಯ ಮೋಸಗಾರರನ್ನು ಕಂಡವಳು, ಇಂಥ ಸಭ್ಯ ಮೋಸಗಾರನನ್ನು ಕಂಡಿರಲಿಲ್ಲ.

"ಆತು ಬಿಡ್ರಿ," ಎಂದು ದ್ರೌಪದಿ ತೊಡೆಯ ಮೇಲಿನ ಕೌದಿಯನ್ನು ಕೊಡವಿದಳು. "ಕೊಯ್ದದ್ದು ಕೊಯ್ದೀರಿ. ಇನ್ನೊಂದು ಆಗಾಕ ಬಂದದ. ಸಂಕ್ರಾಂತಿ ಮುಗುದ ಮ್ಯಾಲ ಒಯ್ತೇನಿ ಅಂದಾರ."

ವಿದ್ಯಾವತಿ ಆಗ ನೋಡಿದಳು. ಬಂದಾಗಿನಿಂದ ಮುದು ಬೆರಳುಗಳು ಹೊಲಿಯುತ್ತಿದ್ದ ಕೌದಿಯನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಅದೇ ಹಸಿರು ಅಂಚು, ಅದೇ ಛೀಟು, ಅದೇ ಸಾಲು. ಗಾಜಿನ ಪೆಟ್ಟಿಗೆಯಲ್ಲಿದ್ದುದರ ಅವಳಿ ಅದು.

"ಇದನ್ಯಾಕ ಹೊಲಿಯಾಕತ್ತಿ?"

"ಅವ್ರ ಹೇಳ್ಯಾರ. ಮೊದಲ್ನೇದು ದಸರಾಕ್ಕ ಒಯ್ದ್ರು. ದೀಪಾವಳಿ ಆದ ಮ್ಯಾಲ ಮತ್ತ ಬಂದ್ರು." ಅವಳ ಜೋರು ಮಾತು ಮೆತ್ತಗಾಯಿತು. "ಬಾಗಲದಾಗ ನಿಂತು, ನಾನು ಜಗದೇವಪ್ಪ ಮಾಸ್ತರ, ಆಳಂದದವ, ಕೌದಿ ಹೊಲಿಯೋ ದ್ರೌಪದಿ ನೀನ ಏನು ಅಂದ್ರು. ಚಾಷ್ಟಿ ಮಾಡಾಕತ್ತಾರ ಅಂತ ನಾ ನಕ್ಕೆ. ಅವ್ರು ನಗಲಿಲ್ಲ. ಅದ ಫೋಟೋ ತಗದು, ಅದ ಮಾತು ಹೇಳಿದ್ರು. ಒಂದು ಹಳೀ ಕೌದಿ ಅದ, ಹಂತಾದ ಒಂದು ಬೇಕು, ರೊಟ್ಟಿ ಬೆಲ್ಲ ಇಡಬ್ಯಾಡ. ಕೊಟ್ಟೇನಲ್ರಿ ಮಾಸ್ತರ ಅನ್ನಾಕ ಬಾಯಿಗಿ ಬಂತು. ಅವ್ರ ಕಣ್ಣು ನೋಡಿ ಅನ್ನಲಿಲ್ಲ. ಹೂಂ ಅಂದೆ."

ವಿದ್ಯಾವತಿಯ ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ಪ್ರತಿ ಪ್ರಶ್ನೆಗೂ ಜೀನತ ಯಾಕೆ ಮುಂದೆ ಬಿದ್ದು ಉತ್ತರ ಕೊಡುತ್ತಿದ್ದಳೆಂಬುದು ಈಗ ತಿಳಿಯಿತು. ಊರಿನ ನೆನಪನ್ನೆಲ್ಲ ಕೂಡಿಟ್ಟ ಮನುಷ್ಯನಿಗೆ ತನ್ನದೇ ನಿನ್ನೆಯ ನೆನಪು ಉಳಿಯುತ್ತಿರಲಿಲ್ಲ. ಅವರು ಸಹಿ ಹಾಕಿದ ದೂರು ಸುಳ್ಳಲ್ಲ, ಅವರ ಮಟ್ಟಿಗೆ ಕೌದಿ ನಿಜವಾಗಿಯೂ ಕಳುವಾಗಿತ್ತು. ಅಸಲಿ ಎಲ್ಲಿದೆಯೆಂದು ಗೊತ್ತಿದ್ದವರು ಜಗತ್ತಿನಲ್ಲಿ ಅವರೊಬ್ಬರೇ, ಅವರಿಗೇ ಅದು ಗೊತ್ತಿಲ್ಲ.

ಫೋನು ಬಡಿದುಕೊಂಡಿತು. ಠಾಣೆಯ ಸಾಹೇಬರು.

"ವಿದ್ಯಾವತಿ ಬಾಯಿ, ಎಲ್ಲಿದ್ದೀರಿ? ಜಲ್ದಿ ಬರ್ರಿ, ಕೇಸ್ ಮುಗೀತು. ಜೀನತ ತಾನಾಗೇ ಬಂದು ಒಪ್ಪಕೊಂಡಾಳ."

"ಏನಂತ?"

"ತಾನ ಬದಲ್ ಮಾಡೇನಿ, ಅಸಲಿದು ಒಲಿಗಿ ಹಾಕಿ ಸುಟ್ಟೇನಿ ಅಂತ. ಹೇಳಿಕಿ ಬರಕೊಳ್ಳಾಕತ್ತೇವಿ. ಇನ್ನ ಹುಡುಕೂದೂ ಇಲ್ಲ, ಏನೂ ಇಲ್ಲ."

ಹವಳಗಾ ಎಂದು ಬಾಯಿಬಿಟ್ಟು ಹೇಳಿದ್ದು ತಾನೇ. ತಾನಿಲ್ಲಿಗೆ ಬಂದು ಏನು ಕಾಣುತ್ತೇನೆಂದು ಜೀನತ ಆಗಲೇ ಊಹಿಸಿಬಿಟ್ಟಿದ್ದಳು. ಅದಕ್ಕೇ ನಾಳೆ ಹೋಗಿರಿ ಎಂದದ್ದು. ತಾನು ಹೊರಟೇಬಿಟ್ಟಾಗ, ಮಾಸ್ತರರ ಮರೆವು ಬಯಲಾಗುವ ಮೊದಲೇ ಅವಳು ಠಾಣೆಗೆ ನಡೆದಿದ್ದಳು. ವಿದ್ಯಾವತಿ ಅವಳನ್ನು ಉಳಿಸಲು ಹೊರಟ ದಾರಿಯೇ ಅವಳನ್ನು ಅಲ್ಲಿಗೆ ತಲುಪಿಸಿತ್ತು.

"ಸಾಹೇಬ್ರ, ಬರಕೋಬ್ಯಾಡ್ರಿ. ಮಾಸ್ತರ ಅಲ್ಲೇ ಅದಾರೇನ್ರಿ?"

"ಇಲ್ಲೇ ಕುಂತಾರ. ಭಾಳ ನೊಂದಾರ ಪಾಪ. ಕೊಡ್ತೇನಿ, ನೀವ ಒಂದೆರಡು ಸಮಾಧಾನದ ಮಾತು ಹೇಳ್ರಿ."

"ಹಲೋ, ಮೇಡಂ," ಎಂದ ಮಾಸ್ತರರ ಧ್ವನಿ ಒಡೆದಿತ್ತು. "ಸುಟ್ಟಾಳಂತ್ರಿ. ಮಗಳಂಗ ನೋಡಕೊಂಡಿದ್ದೆ, ಸುಟ್ಟಾಳಂತ. ಬಿಡಬ್ಯಾಡ್ರಿ ಆಕಿಗಿ." ಅದು ನಟನೆಯಲ್ಲ. ಅಷ್ಟು ನೋವನ್ನು ಯಾರೂ ನಟಿಸಲಾರರು.

ವಿದ್ಯಾವತಿ ಎದುರಿಗಿದ್ದ ಮುದುಕಿಯನ್ನು ನೋಡಿ, ಫೋನಿನ ಸ್ಪೀಕರ್ ಹಾಕಿದಳು. ಕೇಳಬಾರದೆಂದು ಮನಸ್ಸು ಹೇಳಿತು, ಕೇಳದಿದ್ದರೆ ಜೀನತ ಜೈಲಿಗೆ ಹೋಗುತ್ತಾಳೆ.

"ಮಾಸ್ತರ, ಹವಳಗಾದ ದ್ರೌಪದಿ ನಿಮಗ ಗೊತ್ತದಾಳೇನ್ರಿ?"

"ನಮ್ಮ ಶಿವರಾಯನ ಹೆಂಡ್ತಿ? ಗೊತ್ತಿಲ್ದೇನ್ರಿ!" ಅಳುವಿನ ನಡುವೆಯೇ ಅವರ ಧ್ವನಿ ಬೆಳಗಿತು. "ಆಕಿ ಮುಖ ನೋಡಿ ಎಷ್ಟು ವರ್ಷ ಆತೋ. ಹ್ಯಾಂಗದಾಳ್ರಿ ಆಕಿ? ಇನ್ನೂ ಕೌದಿ ಹೊಲೀತಾಳೇನು?"

ದ್ರೌಪದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಕಡೆ ಠಾಣೆಯಲ್ಲಿ ಕುರ್ಚಿಯೊಂದು ಉರುಳಿದ ಸದ್ದು. ಹಿಂದೆಯೇ ಜೀನತಳ ಕೂಗು ಫೋನಿನೊಳಗಿಂದ ಅಂಗಳಕ್ಕೆಲ್ಲ ಕೇಳಿಸಿತು.

"ಮೇಡಂ, ಅವ್ರಿಗಿ ಏನೂ ಕೇಳಬ್ಯಾಡ್ರಿ! ನಾನ ಸುಟ್ಟೇನಿ ಅಂತ ಬರಕೋರಿ! ನಿಮ್ಮ ಕಾಲ ಬೀಳ್ತೇನಿ, ಅವ್ರಿಗಿ ತಿಳಸಬ್ಯಾಡ್ರಿ!"

ಯಾರೋ ಅವಳನ್ನು ಗದರಿಸಿ ಸುಮ್ಮನಿರಿಸಿದರು. ಮಾಸ್ತರರು ಮಾತ್ರ ಇನ್ನೂ ಲೈನಿನಲ್ಲೇ ಇದ್ದರು.

"ಹಲೋ... ಹಲೋ... ಯಾರ್ರೀ ಮಾತಾಡೋರು? ಆ ಹುಡುಗಿ ಯಾಕ ಅಳಾಕತ್ತಾಳ್ರಿ?"